ಪರ್ಯಾಪ್ತ ಮನುಷ್ಯರಾಶಿಯ ಇಪ್ಪತ್ತೊಂಬತ್ತು ಅಂಕಗಳು: ಗಣಿತ ಮತ್ತು ಪಾಠಪರಿಶೋಧನೆ

೧. ವಿಷಯ ಪ್ರವೇಶ

ಕ್ರಿ.ಶ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಗಂಗರ ಮಂತ್ರಿ ಚಾವುಂಡರಾಯನ ನಿಮಿತ್ತವಾಗಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಗತಿಮಾರ್ಗಣೆಯ ಪ್ರಕರಣವಿದೆ. ಅಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು ಎರಡು ಬಗೆಯಾಗಿ ಹೇಳಿದೆ. ಒಂದು ಗಾಥೆ ಅದನ್ನು ಐದನೆಯ ವರ್ಗದ ಘನವೆಂದು ಹೇಳಿದರೆ, ಮುಂದಿನ ಗಾಥೆ ಅದೇ ರಾಶಿಯ ಅಂಕಗಳನ್ನು ಅಕ್ಷರಸಂಜ್ಞೆಯಿಂದ ಒಂದೊಂದಾಗಿ ಎಣಿಸಿ ಕೊಡುತ್ತದೆ. ಆ ಸಂಖ್ಯೆ ಇದು:

೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬

ಈ ರಾಶಿಯ ಸ್ಥಾನಗಳು ಇಪ್ಪತ್ತೊಂಬತ್ತು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಹೆಸರಿಸಿರುವ ಸ್ಥಾನಗಳು ಇಪ್ಪತ್ತನಾಲ್ಕು ಮಾತ್ರ. ಆದುದರಿಂದ ಈ ರಾಶಿಯನ್ನು ಸ್ಥಾನನಾಮಗಳಿಂದ ಓದುವುದಕ್ಕೆ ಆ ಪಟ್ಟಿ ಸಾಲದು. ಕೋಟಿಯನ್ನು ಮಾನವಾಗಿಟ್ಟುಕೊಂಡು ಏಳೇಳು ಸ್ಥಾನಗಳಾಗಿ ವಿಭಜಿಸಿದರೆ ಓದುವಿಕೆ ಸುಗಮವಾಗುತ್ತದೆ: ಏಳು ಕೋಟಿಕೋಟಿಕೋಟಿಕೋಟಿ, ೯೨,೨೮,೧೬೨ ಕೋಟಿಕೋಟಿಕೋಟಿ, ೫೧,೪೨,೬೪೩ ಕೋಟಿಕೋಟಿ, ೩೭,೫೯,೩೫೪ ಕೋಟಿ, ೩೯,೫೦,೩೩೬. ಈ ವಿಭಜನೆಯಲ್ಲಿ ಎಡಗಡೆ ಒಂಟಿಯಾಗಿ ಉಳಿಯುವ ಏಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಚರ್ಚಿಸುವ ಮತಭೇದವೆಲ್ಲ ಆ ಒಂದು ಅಂಕವನ್ನೇ ಆಶ್ರಯಿಸಿದೆ.

ಈ ಸಂಖ್ಯೆಯ ಗಣಿತಸ್ವರೂಪವನ್ನು ಮೊದಲು ನಿರೂಪಿಸಿ, ಆ ಸ್ವರೂಪವು ಹಸ್ತಪ್ರತಿಗಳ ಪಾಠಶುದ್ಧಿಗೆ ಹೇಗೆ ಸಾಧನವಾಗುತ್ತದೆ ಎಂಬುದನ್ನು ತೋರಿಸಿ, ಕೊನೆಗೆ ಧವಲಾಕಾರರಿಗೂ ಗೊಮ್ಮಟಸಾರಕ್ಕೂ ಇರುವ ಭೇದವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ರಾಶಿಯ ಉತ್ಪತ್ತಿ

ದ್ವಿರೂಪವರ್ಗಧಾರೆಯು ಎರಡರಿಂದ ಹೊರಡುತ್ತದೆ. ಎರಡರ ವರ್ಗ ನಾಲ್ಕು, ಇದು ಮೊದಲನೆಯ ವರ್ಗ. ನಾಲ್ಕರ ವರ್ಗ ೧೬, ಅದರ ವರ್ಗ ೨೫೬, ಅದರ ವರ್ಗ ೬೫೫೩೬. ಈ ನಾಲ್ಕನೆಯ ವರ್ಗಕ್ಕೆ ಪಣ್ಣಟ್ಠಿ ಎಂದು ಹೆಸರು. ಐದನೆಯ ವರ್ಗ ೪೨೯೪೯೬೭೨೯೬, ಇದು ಬಾದಾಲ. ಆರನೆಯ ವರ್ಗ ೧೮೪೪೬೭೪೪೦೭೩೭೦೯೫೫೧೬೧೬, ಇದು ಏಕಟ್ಠಿ. ರಾಶಿಗಳ ಆದಿಯ ಅಂಕಗಳಾದ ಅರವತ್ತೈದು, ನಲವತ್ತೆರಡು ಮತ್ತು ಒಂದು-ಎಂಟು ಎಂಬವೇ ಈ ಪ್ರಾಕೃತ ಹೆಸರುಗಳಿಗೆ ಮೂಲ. ವೃತ್ತಿಗಳ ಅರ್ಥಸಂದೃಷ್ಟಿಯಲ್ಲಿ ೬೫=, ೪೨=, ೧೮= ಎಂಬ ಚಿಹ್ನೆಗಳು ಈ ಮೂರು ರಾಶಿಗಳನ್ನೇ ಸೂಚಿಸುತ್ತವೆ. ಪ್ರತಿಕಾರನು ಮುಂದಿನ ಎರಡು ಗೆರೆಗಳನ್ನು ಬಿಟ್ಟರೆ ನಾನೂರು ಕೋಟಿಗೂ ಮೀರಿದ ಬಾದಾಲವು ಬರಿಯ ನಲವತ್ತೆರಡಾಗಿ ಬಿಡುತ್ತದೆ. ಸಂದೃಷ್ಟಿಯುಳ್ಳ ಓಲೆಗರಿಗಳನ್ನು ಓದುವವರು ಇದನ್ನು ಮರೆಯಬಾರದು.

ಬಾದಾಲದ ಘನವೇ ಪರ್ಯಾಪ್ತ ಮನುಷ್ಯರಾಶಿ. ಬಾದಾಲದ ವರ್ಗವು ಏಕಟ್ಠಿಯಾದುದರಿಂದ, ಐದನೆಯ ವರ್ಗದಿಂದ ಆರನೆಯ ವರ್ಗವನ್ನು ಗುಣಿಸಿದರೂ ಅದೇ ಫಲ ಬರುತ್ತದೆ. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರವು ಮನುಷ್ಯರ ಜಘನ್ಯ ಸಂಖ್ಯೆಯನ್ನು ಹೇಳುವಾಗ ಈ ಎರಡನೆಯ ಕ್ರಮವನ್ನೇ ಅನುಸರಿಸಿದೆ. ಆ ರಾಶಿಗೆ ಇಪ್ಪತ್ತೊಂಬತ್ತು ಸ್ಥಾನಗಳೆಂದೂ, ಅದು ತೊಂಬತ್ತಾರು ಬಾರಿ ಅರ್ಧಿಸಲ್ಪಡುವುದೆಂದೂ, ಮೂರು ಯಮಲಪದಗಳಿಗೆ ಮೇಲೆ ಮತ್ತು ನಾಲ್ಕು ಯಮಲಪದಗಳಿಗೆ ಕೆಳಗೆ ಇರುವುದೆಂದೂ ಅಲ್ಲಿ ಹೇಳಿದೆ. ಯಮಲಪದವೆಂದರೆ ಎಂಟು ಸ್ಥಾನಗಳು. ಇಪ್ಪತ್ತೊಂಬತ್ತು ಸ್ಥಾನಗಳು ಇಪ್ಪತ್ತನಾಲ್ಕಕ್ಕೆ ಮೇಲೆ, ಮೂವತ್ತೆರಡಕ್ಕೆ ಕೆಳಗೆ ಇರುವುದರಿಂದ ಮಾತು ಸರಿಹೊಂದುತ್ತದೆ. ಎರಡು ಆಮ್ನಾಯಗಳೂ ಸ್ವತಂತ್ರವಾಗಿ ಕಾಪಾಡಿಕೊಂಡು ಬಂದ ಪ್ರಾಚೀನ ರಾಶಿ ಇದೆಂಬುದಕ್ಕೆ ಈ ಸಂವಾದವು ಬಲವಾದ ಆಧಾರ.

೩. ಗಣಿತಗುಣಗಳು

ಈ ರಾಶಿಯ ಅರ್ಧಚ್ಛೇದಗಳು ೯೬. ಅಂದರೆ ತೊಂಬತ್ತಾರು ಎರಡುಗಳನ್ನು ಪರಸ್ಪರ ಗುಣಿಸಿದರೆ ಈ ರಾಶಿ ಬರುತ್ತದೆ, ಎರಡಲ್ಲದೆ ಬೇರೆ ಅವಿಭಾಜ್ಯ ಭಾಗಹಾರ ಇದಕ್ಕಿಲ್ಲ. ಬಾದಾಲದ ಅರ್ಧಚ್ಛೇದ ೩೨, ಏಕಟ್ಠಿಯದು ೬೪. ಗುಣಿಸಲ್ಪಟ್ಟ ರಾಶಿಗಳ ಅರ್ಧಚ್ಛೇದಗಳನ್ನು ಕೂಡಿದರೆ ಗುಣಲಬ್ಧದ ಅರ್ಧಚ್ಛೇದವು ಬರುತ್ತದೆಂಬ ನಿಯಮಕ್ಕೆ ಇದು ಸುಲಭವಾದ ನಿದರ್ಶನ.

ತೊಂಬತ್ತಾರಕ್ಕೆ ಭಾಗಹಾರಗಳು ಹೇರಳವಾಗಿರುವುದರಿಂದ ಈ ರಾಶಿ ಅನೇಕ ಬಗೆಯಲ್ಲಿ ಘಾತರೂಪವನ್ನು ತಾಳುತ್ತದೆ. ಇದು ೨೮೧೪೭೪೯೭೬೭೧೦೬೫೬ರ ವರ್ಗ, ಬಾದಾಲದ ಘನ, ಪಣ್ಣಟ್ಠಿಯ ಆರನೆಯ ಘಾತ, ೨೫೬ರ ಹನ್ನೆರಡನೆಯ ಘಾತ. ವರ್ಗವೂ ಘನವೂ ಏಕಕಾಲದಲ್ಲಿ ಆಗಿರುವ ರಾಶಿಗಳು ವಿರಳ. ಆದರೂ ಇದು ದ್ವಿರೂಪವರ್ಗಧಾರೆಯ ಸ್ಥಾನವಲ್ಲ. ಏಕೆಂದರೆ ಆ ಧಾರೆಯ ಅರ್ಧಚ್ಛೇದಗಳು ೨, ೪, ೮, ೧೬, ೩೨, ೬೪, ೧೨೮ ಎಂದು ದ್ವಿಗುಣವಾಗುತ್ತ ಹೋಗುತ್ತವೆ, ಅವುಗಳಲ್ಲಿ ೯೬ ಬರುವುದಿಲ್ಲ. ಇದರ ಸ್ಥಾನವು ದ್ವಿರೂಪಘನಧಾರೆಯಲ್ಲಿದೆ. ಎರಡರ ಘನವಾದ ಎಂಟರಿಂದ ಹೊರಟು ೬೪, ೪೦೯೬, ೧೬೭೭೭೨೧೬, ೨೮೧೪೭೪೯೭೬೭೧೦೬೫೬ ಎಂದು ವರ್ಗಿಸುತ್ತ ಹೋದರೆ ಐದನೆಯ ವರ್ಗಣೆಯಲ್ಲಿ ನಮ್ಮ ರಾಶಿ ಬರುತ್ತದೆ.

ಪರ್ಯಾಪ್ತ ಮನುಷ್ಯರಲ್ಲಿ ಮುಕ್ಕಾಲು ಭಾಗ ಮಾನುಷಿಯರೆಂದು ಜೀವಕಾಂಡದಲ್ಲಿ ಮುಂದೆ ಹೇಳಿದೆ. ರಾಶಿಯನ್ನು ನಾಲ್ಕರಿಂದ ಭಾಗಿಸಿದರೆ ಶೇಷವಿಲ್ಲದ ಕಾರಣ ಈ ಮುಕ್ಕಾಲು ಪೂರ್ಣಾಂಕವೇ ಆಗುತ್ತದೆ: ೫೯೪೨೧೧೨೧೮೮೫೬೯೮೨೫೩೧೯೫೧೫೭೯೬೨೭೫೨.

ಶೇಷಗಳ ವಿಚಾರ ಇನ್ನೂ ಉಪಯುಕ್ತ. ಎರಡರ ಆರನೆಯ ಘಾತವಾದ ೬೪ನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಒಂದು. ತೊಂಬತ್ತಾರು ಆರರ ಹದಿನಾರು ಪಟ್ಟು. ಆದುದರಿಂದ ಇಡೀ ರಾಶಿಯನ್ನು ಒಂಬತ್ತರಿಂದ ಭಾಗಿಸಿದರೂ ಶೇಷ ಒಂದೇ. ಇದೇ ಯುಕ್ತಿಯಿಂದ ೩, ೫, ೭, ೧೩, ೧೭ ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಒಂದೆಂದು ಸಿದ್ಧವಾಗುತ್ತದೆ. ಹನ್ನೊಂದರಿಂದ ಭಾಗಿಸಿದರೆ ಶೇಷ ಒಂಬತ್ತು. ಏಕೆಂದರೆ ಎರಡರ ಹತ್ತನೆಯ ಘಾತಕ್ಕೆ ಶೇಷ ಒಂದು, ಉಳಿದ ಆರನೆಯ ಘಾತವಾದ ೬೪ಕ್ಕೆ ಶೇಷ ಒಂಬತ್ತು.

೪. ಅಕ್ಷರಸಂಜ್ಞೆ ಮತ್ತು ಲಿಪಿಕಾರ

ಅಂಕಗಳನ್ನು ಕೊಡುವ ಗಾಥೆಯು ಕಟಪಯಾದಿ ಕ್ರಮದ್ದು. ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು, ಟಕಾರದಿಂದ ಧಕಾರದವರೆಗೆ ಮತ್ತೆ ಒಂದರಿಂದ ಒಂಬತ್ತು, ಪವರ್ಗಕ್ಕೆ ಒಂದರಿಂದ ಐದು, ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು. ಞಕಾರ ನಕಾರಗಳು ಶೂನ್ಯ. ವ್ಯಂಜನಕ್ಕೆ ಹತ್ತಿದ ಸ್ವರಕ್ಕೂ ಅನುಸ್ವಾರಕ್ಕೂ ಬೆಲೆಯಿಲ್ಲ. ಅಂಕಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಹೀಗೆ ಗಾಥೆಯ ಮೊದಲ ಅಕ್ಷರವಾದ ತಕಾರವು ಏಕಸ್ಥಾನದ ಆರು. ಇಪ್ಪತ್ತೊಂಬತ್ತನೆಯದಾದ ಸಕಾರವು ಎಡತುದಿಯ ಏಳು. ಗಾಥೆಯ ಉಳಿದ ಭಾಗವು ಇವು ಪರ್ಯಾಪ್ತ ಮನುಷ್ಯರ ಸಂಖ್ಯೆಯ ಅಂಕಗಳೆಂದು ತಿಳಿಸುತ್ತದೆ.

ಅಂಕಗಳನ್ನು ಅಂಕಗಳಾಗಿಯೇ ಬರೆದರೆ ಒಂದು ಬಿಟ್ಟುಹೋದರೂ ಓದುಗನಿಗೆ ತಿಳಿಯದು. ಗಾಥೆಯಲ್ಲಿ ಛಂದಸ್ಸು ಸ್ಥಾನಗಳ ಲೋಪವನ್ನು ತಡೆಯುತ್ತದೆ. ಆದರೆ ಅಕ್ಷರದ ವಿಕಾರವನ್ನು ಛಂದಸ್ಸು ತಡೆಯಲಾರದು. ಕನ್ನಡ ಲಿಪಿಯ ಓಲೆಗರಿಗಳಲ್ಲಿ ಸಂಭವಿಸಬಹುದಾದ ವಿಕಾರಗಳನ್ನು ಇಲ್ಲಿ ವಿಂಗಡಿಸಬಹುದು.

ಮೊದಲನೆಯದು ಆಕೃತಿಸಾಮ್ಯದಿಂದ ಬರುವುದು. ಮಕಾರ ವಕಾರಗಳು ನೋಟಕ್ಕೆ ಹತ್ತಿರ. ಮಕಾರಕ್ಕೆ ಐದು, ವಕಾರಕ್ಕೆ ನಾಲ್ಕು. ಮಹಾಪ್ರಾಣದ ಗುರುತು ಸವೆದರೆ ಧಕಾರವು ದಕಾರವಾಗಿ ಒಂಬತ್ತು ಹೋಗಿ ಎಂಟು ನಿಲ್ಲುತ್ತದೆ. ಈ ಗಾಥೆಯ ಆರನೆಯ ಮತ್ತು ಹನ್ನೊಂದನೆಯ ಅಕ್ಷರಗಳು ಧಕಾರಗಳು.

ಎರಡನೆಯದು ಪಾಂಡಿತ್ಯದಿಂದ ಬರುವುದು. ಪ್ರಾಕೃತದ ಸಕಾರವನ್ನು ಸಂಸ್ಕೃತದ ರೂಢಿಯಂತೆ ಶಕಾರವಾಗಿ ತಿದ್ದಿದರೆ ಏಳು ಹೋಗಿ ಐದಾಗುತ್ತದೆ. ಹದಿಮೂರನೆಯ ಅಕ್ಷರಕ್ಕೆ ಈ ಭಯವಿದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ರಾಶಿಯ ಇಪ್ಪತ್ತೊಂಬತ್ತು ಅಂಕಗಳಲ್ಲಿ ಶೂನ್ಯವು ಒಂದೇ ಒಂದು. ಅದು ಬಲದಿಂದ ನಾಲ್ಕನೆಯದು. ಅದನ್ನು ಸೂಚಿಸುವ ಅಕ್ಷರ ದಂತ್ಯ ನಕಾರ. ದಿಗಂಬರ ಪ್ರಾಕೃತಗ್ರಂಥಗಳ ಲೇಖನರೂಢಿಯಂತೆ ನಕಾರವು ಸಾಮಾನ್ಯವಾಗಿ ಣಕಾರವಾಗುತ್ತದೆ. ಪ್ರಾಕೃತವನ್ನು ಚೆನ್ನಾಗಿ ಬಲ್ಲ ಲಿಪಿಕಾರನೇ ಇಲ್ಲಿ ಅಭ್ಯಾಸಬಲದಿಂದ ಣಕಾರ ಬರೆಯುವ ಸಂಭವವಿದೆ. ಣಕಾರಕ್ಕೆ ಐದು. ಆಗ ರಾಶಿಗೆ ಐದು ಸಾವಿರ ಹೆಚ್ಚುತ್ತದೆ. ವ್ಯಾಕರಣದ ದೃಷ್ಟಿಯಿಂದ ಶುದ್ಧವೆನಿಸುವ ಪಾಠವು ಗಣಿತದ ದೃಷ್ಟಿಯಿಂದ ಅಶುದ್ಧವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಸಂಪಾದಕನು ಭಾಷೆಯ ಏಕರೂಪತೆಗಾಗಿ ಇಲ್ಲಿಯ ನಕಾರವನ್ನು ತಿದ್ದಬಾರದು.

೫. ಪರೀಕ್ಷಾಕ್ರಮ

ಇಂಥ ವಿಕಾರಗಳನ್ನು ಕಂಡುಹಿಡಿಯಲು ಮೇಲೆ ಹೇಳಿದ ಶೇಷಗಳು ಸಾಕು. ಇಪ್ಪತ್ತೊಂಬತ್ತು ಅಂಕಗಳ ಸಂಕಲನ ೧೨೭. ಅದರ ಅಂಕಗಳನ್ನು ಕೂಡಿದರೆ ಹತ್ತು, ಮತ್ತೆ ಕೂಡಿದರೆ ಒಂದು. ಒಂಬತ್ತರ ಶೇಷವು ಒಂದಿರಬೇಕೆಂಬ ನಿಯಮಕ್ಕೆ ಇದು ಸರಿ. ನಕಾರದ ಎಡೆಯಲ್ಲಿ ಣಕಾರವಿದ್ದರೆ ಸಂಕಲನ ೧೩೨, ಶೇಷ ಆರು, ದೋಷ ಕೂಡಲೆ ಪ್ರಕಟ. ಎರಡು ಧಕಾರಗಳೂ ದಕಾರಗಳಾದರೆ ಸಂಕಲನ ೧೨೫, ಶೇಷ ಎಂಟು.

ಒಂಬತ್ತರ ಪರೀಕ್ಷೆಗೆ ಎರಡು ದೋಷಗಳು ಸಿಕ್ಕುವುದಿಲ್ಲ. ಶೂನ್ಯವು ಒಂಬತ್ತಾದರೆ ಅಥವಾ ಒಂಬತ್ತು ಶೂನ್ಯವಾದರೆ ಶೇಷ ಬದಲಾಗದು. ಅಕ್ಷರಗಳು ಸ್ಥಾನಪಲ್ಲಟವಾದರೂ ಸಂಕಲನ ಬದಲಾಗದು. ಆದುದರಿಂದ ಹನ್ನೊಂದರ ಪರೀಕ್ಷೆಯನ್ನೂ ಮಾಡಬೇಕು. ಬಲದಿಂದ ವಿಷಮಸ್ಥಾನಗಳ ಅಂಕಗಳನ್ನು ಕೂಡಿದರೆ ೭೯, ಸಮಸ್ಥಾನಗಳ ಅಂಕಗಳನ್ನು ಕೂಡಿದರೆ ೪೮. ಅಂತರ ೩೧. ಹನ್ನೊಂದರಿಂದ ಭಾಗಿಸಿದರೆ ಶೇಷ ಒಂಬತ್ತು. ಇದೂ ಸರಿ. ಅಕ್ಕಪಕ್ಕದ ಎರಡು ಭಿನ್ನ ಅಂಕಗಳು ಪಲ್ಲಟವಾದರೆ ಈ ಶೇಷ ಕೆಡುತ್ತದೆ.

ಒಂದೆಡೆ ಮಕಾರ ವಕಾರವಾಗಿ, ಇನ್ನೊಂದೆಡೆ ವಕಾರ ಮಕಾರವಾಗಿ, ಎರಡೂ ಸ್ಥಾನಗಳು ಸಮವಾಗಿಯೋ ವಿಷಮವಾಗಿಯೋ ಇದ್ದರೆ ಎರಡು ಪರೀಕ್ಷೆಗಳೂ ಸೋಲುತ್ತವೆ. ಆಗ ಗುಣಾಕಾರವೇ ಶರಣು. ಪೂರ್ತಿ ಗುಣಾಕಾರ ಬೇಡವೆನ್ನುವವರು ಬಲಗಡೆಯ ಏಳು ಸ್ಥಾನಗಳನ್ನಾದರೂ ಹೀಗೆ ಪರೀಕ್ಷಿಸಬಹುದು. ಏಕಟ್ಠಿಯ ಕೊನೆಯ ಏಳು ಅಂಕಗಳು ೯೫೫೧೬೧೬, ಬಾದಾಲದ ಕೊನೆಯ ಏಳು ಅಂಕಗಳು ೪೯೬೭೨೯೬. ಇವುಗಳ ಗುಣಲಬ್ಧ ೪೭೪೪೫೭೦೩೯೫೦೩೩೬. ಇದರ ಕೊನೆಯ ಏಳು ಅಂಕಗಳು ೩೯೫೦೩೩೬. ಗಾಥೆಯ ಮೊದಲ ಏಳು ಅಕ್ಷರಗಳು ಹೇಳುವುದೂ ಇದನ್ನೇ. ನಾಲ್ಕನೆಯ ಸ್ಥಾನದ ಶೂನ್ಯವೂ ಅಲ್ಲಿಯ ದಂತ್ಯ ನಕಾರವೂ ಇದರಿಂದ ನಿಸ್ಸಂದೇಹವಾಗಿ ಸ್ಥಿರವಾಗುತ್ತವೆ.

ಶ್ರುತಜ್ಞಾನದ ಅಕ್ಷರಸಂಖ್ಯೆಗೂ ಇದೇ ಬಗೆಯ ಪರೀಕ್ಷೆ ಸಲ್ಲುತ್ತದೆ. ಮೂವತ್ತಮೂರು ವ್ಯಂಜನ, ಇಪ್ಪತ್ತೇಳು ಸ್ವರ, ನಾಲ್ಕು ಯೋಗವಾಹ ಸೇರಿ ಮೂಲವರ್ಣಗಳು ೬೪. ಇವುಗಳ ಸಂಯೋಗಭಂಗಗಳು ಏಕಟ್ಠಿಯಲ್ಲಿ ಒಂದು ಕಡಿಮೆ: ೧೮೪೪೬೭೪೪೦೭೩೭೦೯೫೫೧೬೧೫. ಮಧ್ಯಮಪದವೊಂದರ ಅಕ್ಷರಗಳು ೧೬೩೪,೮೩,೦೭,೮೮೮. ದ್ವಾದಶಾಂಗದ ಪದಗಳು ೧೧೨,೮೩,೫೮,೦೦೫. ಅಂಗಬಾಹ್ಯದ ಅಕ್ಷರಗಳು ೮,೦೧,೦೮,೧೭೫. ಪದದ ಅಕ್ಷರಗಳನ್ನು ಪದಸಂಖ್ಯೆಯಿಂದ ಗುಣಿಸಿ ಅಂಗಬಾಹ್ಯವನ್ನು ಕೂಡಿದರೆ ಒಂದು ಅಕ್ಷರವೂ ಹೆಚ್ಚು ಕಡಿಮೆಯಿಲ್ಲದೆ ಮೇಲಿನ ರಾಶಿಯೇ ಬರುತ್ತದೆ. ಮೂರು ಸಂಖ್ಯೆಗಳಲ್ಲಿ ಯಾವುದೊಂದು ಅಂಕ ಕೆಟ್ಟಿದ್ದರೂ ಈ ಸಮತೆ ನಿಲ್ಲುತ್ತಿರಲಿಲ್ಲ. ಶತಮಾನಗಳ ಕಾಲ ಕೈಯಿಂದ ಕೈಗೆ ಬಂದ ಈ ಅಂಕಗಳು ಹೀಗೆ ಒಂದನ್ನೊಂದು ಕಾಪಾಡಿಕೊಂಡಿವೆ.

೬. ಧವಲೆಯ ಆಕ್ಷೇಪ

ಇಷ್ಟರಿಂದ ಪಾಠ ಶುದ್ಧವೆಂದು ಸಿದ್ಧವಾಯಿತು. ಆದರೆ ಶುದ್ಧವಾದ ಪಾಠವು ಸಿದ್ಧಾಂತಸಮ್ಮತವೇ ಎಂಬ ಪ್ರಶ್ನೆ ಬೇರೆ. ಷಟ್‌ಖಂಡಾಗಮದ ದ್ರವ್ಯಪ್ರಮಾಣಾನುಗಮದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಎರಡು ಮೇರೆಗಳ ನಡುವೆ ಇಟ್ಟಿದೆ. ಅದು ಕೋಟಿಕೋಟಿಕೋಟಿಗೆ ಮೇಲೆ, ಕೋಟಿಕೋಟಿಕೋಟಿಕೋಟಿಗೆ ಕೆಳಗೆ. ಆರನೆಯ ವರ್ಗಕ್ಕೆ ಮೇಲೆ, ಏಳನೆಯ ವರ್ಗಕ್ಕೆ ಕೆಳಗೆ.

ಏಳನೆಯ ವರ್ಗಕ್ಕೆ ಮೂವತ್ತೊಂಬತ್ತು ಸ್ಥಾನಗಳು. ಆದುದರಿಂದ ವರ್ಗಗಳ ಮೇರೆಯಲ್ಲಿ ನಮ್ಮ ರಾಶಿ ಸುಖವಾಗಿ ಅಡಗುತ್ತದೆ. ಕೋಟಿಗಳ ಮೇರೆ ಅದಕ್ಕಿಂತ ಕಿರಿದು. ಕೋಟಿಕೋಟಿಕೋಟಿಕೋಟಿ ಎಂದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ, ಅದಕ್ಕೂ ಇಪ್ಪತ್ತೊಂಬತ್ತು ಸ್ಥಾನಗಳೇ. ಸ್ಥಾನಗಳನ್ನು ಮಾತ್ರ ಎಣಿಸುವವನಿಗೆ ಎರಡೂ ಸಮವೆಂಬ ಭ್ರಾಂತಿ ಬರಬಹುದು. ಆದರೆ ನಮ್ಮ ರಾಶಿಯ ಆದಿಯ ಅಂಕ ಒಂದಲ್ಲ, ಏಳು. ಅದು ಸೂತ್ರದ ಮೇಲಿನ ಮೇರೆಯನ್ನು ಏಳು ಪಟ್ಟಿಗಿಂತಲೂ ಹೆಚ್ಚಾಗಿ ಮೀರಿದೆ.

ಕ್ರಿ.ಶ. ಒಂಬತ್ತನೆಯ ಶತಮಾನದ ಆರಂಭದಲ್ಲಿದ್ದ ವೀರಸೇನಾಚಾರ್ಯರು ಧವಲೆಯಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ಇತರ ಆಚಾರ್ಯರು ಹೇಳುವ ಈ ನಿಶ್ಚಿತ ರಾಶಿಯನ್ನು ಅವರು ಎತ್ತಿಕೊಂಡು, ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಗಣಿಸಿ, ಅಷ್ಟು ಮನುಷ್ಯರಿಗೆ ಅಲ್ಲಿ ಅವಕಾಶವಿಲ್ಲವೆಂದು ತೋರಿಸಿ ಆ ಮತವನ್ನು ನಿರಾಕರಿಸಿದ್ದಾರೆ. ೧೯೪೨ರಲ್ಲಿ ಪ್ರಕಟವಾದ ಧವಲೆಯ ನಾಲ್ಕನೆಯ ಸಂಪುಟದಲ್ಲಿ ಗಣಿತವಿದ್ವಾಂಸ ಎ. ಎನ್. ಸಿಂಗ್ ಅವರು ಈ ವಿಷಯದತ್ತ ವಿದ್ವಾಂಸರ ಗಮನ ಸೆಳೆದರು.

ಆಕ್ಷೇಪದ ಬಲವನ್ನು ಪರಂಪರೆಯ ಮಾನಗಳಿಂದಲೇ ನಾವು ಅಳೆದು ನೋಡಬಹುದು. ಮನುಷ್ಯಲೋಕದ ವಿಷ್ಕಂಭ ೪೫ ಲಕ್ಷ ಯೋಜನ. ಹತ್ತರ ವರ್ಗಮೂಲದಿಂದ ಗುಣಿಸಿದರೆ ಪರಿಧಿ ೧,೪೨,೩೦,೨೪೯ ಯೋಜನ. ಪರಿಧಿಯನ್ನು ವಿಷ್ಕಂಭದ ಚತುರ್ಥಾಂಶದಿಂದ ಗುಣಿಸಿದರೆ ಕ್ಷೇತ್ರಫಲ ೧೬೦೦೯೦೩೦೧೨೫೦೦೦ ವರ್ಗಯೋಜನ. ಇಪ್ಪತ್ತನಾಲ್ಕು ಅಂಗುಲಕ್ಕೆ ಹಸ್ತ, ನಾಲ್ಕು ಹಸ್ತಕ್ಕೆ ಧನುಸ್ಸು, ಎರಡು ಸಾವಿರ ಧನುಸ್ಸಿಗೆ ಕ್ರೋಶ, ನಾಲ್ಕು ಕ್ರೋಶಕ್ಕೆ ಯೋಜನ. ಆದುದರಿಂದ ಯೋಜನಕ್ಕೆ ೭,೬೮,೦೦೦ ಅಂಗುಲ. ಇದರ ವರ್ಗದಿಂದ ಕ್ಷೇತ್ರಫಲವನ್ನು ಗುಣಿಸಿದರೆ ೯೪೪೨೫೧೦೧೮೪೪೪೮ರ ಮುಂದೆ ಹನ್ನೆರಡು ಸೊನ್ನೆಗಳಷ್ಟು ಪ್ರಮಾಣಪ್ರತರಾಂಗುಲಗಳಾಗುತ್ತವೆ. ಇದಕ್ಕೆ ಸ್ಥಾನಗಳು ಇಪ್ಪತ್ತೈದು ಮಾತ್ರ.

ದ್ವೀಪಸಮುದ್ರಗಳನ್ನು ಅಳೆಯುವುದು ಪ್ರಮಾಣಾಂಗುಲದಿಂದ, ಶರೀರವನ್ನು ಅಳೆಯುವುದು ಉತ್ಸೇಧಾಂಗುಲದಿಂದ. ಮೊದಲನೆಯದು ಎರಡನೆಯದರ ಐನೂರು ಪಟ್ಟು. ಆದುದರಿಂದ ಒಂದು ಪ್ರಮಾಣಪ್ರತರಾಂಗುಲವೆಂದರೆ ಎರಡೂವರೆ ಲಕ್ಷ ಉತ್ಸೇಧಪ್ರತರಾಂಗುಲ, ಅಂದರೆ ಸುಮಾರು ಇಪ್ಪತ್ತೊಂದು ಹಸ್ತ ಉದ್ದ ಅಷ್ಟೇ ಅಗಲದ ನೆಲ. ಮನುಷ್ಯರಾಶಿಯನ್ನು ಪ್ರತರಾಂಗುಲಗಳಿಗೆ ಹಂಚಿದರೆ ಅಂಥ ಒಂದೊಂದು ನೆಲಕ್ಕೆ ಎಂಟು ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಬರುತ್ತಾರೆ. ಒಬ್ಬೊಬ್ಬನ ಪಾಲಿಗೆ ಸುಮಾರು ಮೂವತ್ತು ಉತ್ಸೇಧಪ್ರತರಾಂಗುಲ, ಅಂದರೆ ಐದೂವರೆ ಅಂಗುಲದ ಚೌಕ. ಲವಣ ಕಾಲೋದ ಸಮುದ್ರಗಳನ್ನೂ ಪರ್ವತಗಳನ್ನೂ ನೆಲವೆಂದು ಸೇರಿಸಿ ಮಾಡಿದ ಲೆಕ್ಕ ಇದು. ವಿದೇಹದ ಮನುಷ್ಯರ ಉತ್ಸೇಧ ಐನೂರು ಧನುಸ್ಸು, ಉತ್ತಮ ಭೋಗಭೂಮಿಯವರದು ಮೂರು ಕ್ರೋಶ ಎಂಬುದನ್ನು ಗಮನಿಸಿದರೆ ಧವಲಾಕಾರರ ಆಕ್ಷೇಪವು ಎಷ್ಟು ಗಂಭೀರವಾದುದೆಂದು ತಿಳಿಯುತ್ತದೆ.

೭. ಸಂಪಾದಕನ ಕರ್ತವ್ಯ

ನೇಮಿಚಂದ್ರರು ಷಟ್‌ಖಂಡಾಗಮ ಪರಂಪರೆಯ ಪಾರಂಗತರು, ಧವಲೆಯನ್ನು ಆಧರಿಸಿಯೇ ಸಾರವನ್ನು ಸಂಗ್ರಹಿಸಿದವರು. ಆದರೂ ಅವರು ಬಾದಾಲದ ಘನವನ್ನೇ ಗ್ರಹಿಸಿದ್ದಾರೆ. ೧೩೫೯ರಲ್ಲಿ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ರಚಿಸಿದ ಕೇಶವವರ್ಣಿ, ಹದಿನೆಂಟನೆಯ ಶತಮಾನದಲ್ಲಿ ಜಯಪುರದಲ್ಲಿ ಭಾಷಾಟೀಕೆಯನ್ನು ಬರೆದ ಪಂಡಿತ ಟೋಡರಮಲ್ಲ, ಇವರ ವ್ಯಾಖ್ಯಾನಗಳು ಮೂಲದ ಇದೇ ರಾಶಿಯನ್ನು ಹಿಡಿದು ನಡೆಯುತ್ತವೆ. ಹೀಗೆ ಎರಡು ಉಪದೇಶಗಳು ನಮ್ಮ ಮುಂದಿವೆ.

ಇಂಥ ಸ್ಥಳದಲ್ಲಿ ಸಮನ್ವಯದ ಆತುರದಿಂದ ಪಾಠವನ್ನು ತಿದ್ದುವ ಪ್ರಲೋಭನೆ ಎರಡು ದಿಕ್ಕಿನಿಂದಲೂ ಬರುತ್ತದೆ. ಗಾಥೆಯ ಇಪ್ಪತ್ತೊಂಬತ್ತನೆಯ ಅಕ್ಷರವನ್ನು ಪ್ರಕ್ಷಿಪ್ತವೆಂದು ಬಿಟ್ಟರೆ ಉಳಿದ ಇಪ್ಪತ್ತೆಂಟು ಅಂಕಗಳ ರಾಶಿ ಸೂತ್ರದ ಮೇರೆಯೊಳಗೆ ಬಂದುಬಿಡುತ್ತದೆ. ಆದರೆ ಅದು ಬಾದಾಲದ ಘನವಾಗದು, ಹಿಂದಿನ ಗಾಥೆಗೆ ವಿರುದ್ಧವಾಗುತ್ತದೆ. ಅದರ ಅಂಕಸಂಕಲನವೂ ೧೨೦ ಆಗಿ ಒಂಬತ್ತರ ಶೇಷ ಮೂರಾಗುತ್ತದೆ. ಸೂತ್ರದಲ್ಲಿ ಇನ್ನೊಂದು ಕೋಟಿಪದವನ್ನು ಊಹಿಸಿ ಸೇರಿಸಿದರೆ ರಾಶಿಗೆ ಅವಕಾಶವಾಗುತ್ತದೆ. ಆದರೆ ವೀರಸೇನರ ಇಡೀ ಚರ್ಚೆಯೇ ಸೂತ್ರದಲ್ಲಿ ನಾಲ್ಕು ಕೋಟಿಗಳೆಂಬ ಪಾಠವನ್ನು ಅವಲಂಬಿಸಿದೆ. ಆ ಪಾಠವು ಒಂಬತ್ತನೆಯ ಶತಮಾನದಲ್ಲಿಯೇ ಸ್ಥಿರವಾಗಿತ್ತೆಂಬುದಕ್ಕೆ ಅವರ ವಾದವೇ ಸಾಕ್ಷಿ. ಗಣಿತವು ಗಾಥೆಯನ್ನು ಕಾಪಾಡುತ್ತದೆ, ವ್ಯಾಖ್ಯಾನವು ಸೂತ್ರವನ್ನು ಕಾಪಾಡುತ್ತದೆ. ಎರಡರ ವಿರೋಧವು ಲಿಪಿಕಾರನಿಂದ ಬಂದುದಲ್ಲ, ಉಪದೇಶಭೇದದಿಂದ ಬಂದುದು. ಅದನ್ನು ಅಳಿಸಿಹಾಕುವ ಅಧಿಕಾರ ಸಂಪಾದಕನಿಗಿಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಒಂದು, ಜೀವಕಾಂಡದ ಅಕ್ಷರಸಂಜ್ಞೆಯ ಗಾಥೆ ಕೊಡುವ ಇಪ್ಪತ್ತೊಂಬತ್ತು ಅಂಕಗಳು ತೊಂಬತ್ತಾರು ಎರಡುಗಳ ಗುಣಲಬ್ಧಕ್ಕೆ ಅಕ್ಷರಶಃ ಸಮ. ಎರಡು, ಅಲ್ಲಿಯ ದಂತ್ಯ ನಕಾರ, ದಕಾರಗಳಾಗದೆ ಉಳಿಯಬೇಕಾದ ಎರಡು ಧಕಾರಗಳು ಮತ್ತು ಸಕಾರಗಳು ಅರ್ಥಕ್ಕಾಗಿಯಲ್ಲ, ಅಂಕಕ್ಕಾಗಿ ರಕ್ಷಣೀಯ. ಮೂರು, ಧವಲೆಯ ಮೇರೆಗೂ ಗೊಮ್ಮಟಸಾರದ ರಾಶಿಗೂ ಇರುವ ಭೇದ ನಿಜವಾದುದು, ಎರಡನ್ನೂ ಇದ್ದಂತೆಯೇ ಮುದ್ರಿಸಿ ಟಿಪ್ಪಣಿಯಲ್ಲಿ ವಿಚಾರಿಸುವುದು ಯುಕ್ತ.

ಗೊಮ್ಮಟಸಾರದ ಮೂಲ ಮತ್ತು ವೃತ್ತಿಗಳ ಪ್ರತಿಗಳನ್ನು ವಿವರಿಸುವ ಸೂಚೀಕಾರರಲ್ಲಿ ಒಂದು ವಿಜ್ಞಾಪನೆ. ಪ್ರತಿಯ ಆದಿ ಅಂತ್ಯಗಳನ್ನು ಉದ್ಧರಿಸುವಂತೆಯೇ ಈ ಗಾಥೆಯ ಇಪ್ಪತ್ತೊಂಬತ್ತು ಅಕ್ಷರಗಳನ್ನೂ ಕಂಡಂತೆ, ತಿದ್ದದೆ, ಉದ್ಧರಿಸಿ ಎದುರಿಗೆ ಅಂಕಸಂಕಲನವನ್ನು ಬರೆಯಬೇಕು. ಸಂಕಲನ ೧೨೭ ಬಂದ ಪ್ರತಿಗೆ ಹನ್ನೊಂದರ ಪರೀಕ್ಷೆಯನ್ನೂ ಮಾಡಬೇಕು. ಬಾರದ ಪ್ರತಿಗಳಲ್ಲಿ ಒಂದೇ ಅಕ್ಷರವು ಒಂದೇ ರೀತಿಯಾಗಿ ಕೆಟ್ಟಿದ್ದರೆ ಅವು ಒಂದೇ ಮಾತೃಕೆಯಿಂದ ಹೊರಟವೆಂದು ಊಹಿಸಲು ಅವಕಾಶವಾಗುತ್ತದೆ. ಒಂದೇ ಗಾಥೆಯಿಂದ ಪ್ರತಿಗಳ ವಂಶಾವಳಿಯ ಒಂದು ಎಳೆ ದೊರೆಯುವಂತಿದ್ದರೆ ಆ ಶ್ರಮ ವ್ಯರ್ಥವಾಗದು.